ಸಣ್ಣ ಕೈ, ದೊಡ್ಡ ವಾಚು

ನನ್ನ ಮಣಿಕಟ್ಟಿನ ಸುತ್ತಳತೆ ಬರೀ 14 ಸೆಂಟಿಮೀಟರ್. ಹೋದ ವರ್ಷ ಆಸೆಪಟ್ಟು 42 ಮಿ.ಮೀ. ಅಗಲದ ವಾಚು ತಗೊಂಡೆ. ಬಸ್ಸಲ್ಲಿ ಮೇಲಿನ ಕಂಬಿ ಹಿಡಿದರೆ ಸಾಕು, ಜಾರಿ ಮೊಣಕೈ ಕಡೆ ಹೊರಡುತ್ತಿತ್ತು. ಟೈಮ್ ಎಷ್ಟು ಅಂತ ಯಾರಾದರೂ ಕೇಳಿದರೆ ಮೊದಲು ವಾಚು ಎಲ್ಲಿದೆ ಅಂತ ಹುಡುಕಬೇಕು.

ಈಗ ಅಪ್ಪನ ಹಳೇ ಎಚ್‌ಎಂಟಿ ಜನತಾ ಕಟ್ಟುತ್ತಿದ್ದೇನೆ. ದಿನಾ ಬೆಳಿಗ್ಗೆ ಕೀಲಿ ಕೊಡಬೇಕು. ಅಗಲ ಸುಮಾರು 35 ಮಿ.ಮೀ., ಅಷ್ಟೇ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡೋಕೆ ಶುರು ಮಾಡಿದವರು ಎಚ್‌ಎಂಟಿಯವರು. ಆಗ ಗಂಡಸರ ವಾಚೇ ಇಷ್ಟು ಪುಟ್ಟದು. ದೊಡ್ಡದಾಗಿದ್ದು ಆಮೇಲೆ, ನನ್ನ ಕೈಯದೇನೂ ತಪ್ಪಿಲ್ಲ!

ರಿಪೇರಿ ಅಂಗಡಿಯ ಅಜ್ಜ ಒಂದು ಮಾತು ಹೇಳಿದರು: "ಡಯಲ್ ನೋಡಬೇಡಮ್ಮ, ಪಟ್ಟಿ ಸಿಕ್ಕಿಸೋ ಕೊಂಬು ನೋಡು. ಅದು ಕೈಯಿಂದ ಆಚೆ ಚಾಚಬಾರದು." ಹಾಗಂತ ಹೇಳುತ್ತಲೇ ಚರ್ಮದ ಪಟ್ಟಿಗೆ ಎರಡು ತೂತು ಜಾಸ್ತಿ ಹೊಡೆದರು. ಮಣಿಕಟ್ಟಿನ ಉಬ್ಬು ಮೂಳೆ ಇದೆಯಲ್ವಾ, ಅದರ ಮೇಲೆ ಕೂರಿಸದೆ ಸ್ವಲ್ಪ ಹಿಂದಕ್ಕೆ ಕಟ್ಟಿದರೆ ಒತ್ತೋದಿಲ್ಲ. ಕಿರುಬೆರಳ ತುದಿ ತೂರುವಷ್ಟು ಸಡಿಲ ಬಿಟ್ಟರೆ ಸರಿ. ಮಧ್ಯಾಹ್ನದ ಸೆಕೆಗೆ ಕೈ ಊದಿಕೊಂಡರೆ ಒಂದು ತೂತು ಹಿಂದಕ್ಕೆ.

ಉಳಿದಿದ್ದು ಪಟ್ಟಿಯ ಉದ್ದ ಬಾಲ. ಕತ್ತರಿಸೋಕೆ ಮನಸ್ಸಿಲ್ಲ, ಅಪ್ಪನ ಕೈಗೆ ಸರಿಯಾಗುತ್ತಿದ್ದ ತೂತು ಅಲ್ಲೇ ಇದೆ. ಸದ್ಯಕ್ಕೆ ಕೂದಲಿನ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದೇನೆ.