ಯಾರ್ ಬಿಚ್ಚ್ಯಾರ್ರೀ ಇದಕ?

ಮಂಗಳವಾರದಿಂದ ಈ ಒಂದು ಮಾತು ತಲ್ಯಾಗ ಕುಂತುಬಿಟ್ಟದ. ಹಲ್ಲು ತಿಕ್ಕೋವಾಗ, ಚಾ ಕುಡಿಯೋವಾಗ, ರಾತ್ರಿ ಕರೆಂಟ್ ಹೋಗಿ ಮಾಳಿಗಿ ಮ್ಯಾಲ ಹಾಸ್ಕೊಂಡು ಬಿದ್ದಾಗ ಸೈತ. "ಯಾರ್ ಬಿಚ್ಚ್ಯಾರ್ರೀ ಇದಕ?" ಮಿಸ್ತ್ರಿ ಚಾಚಾ ಸಿಟ್ಟಿಲೆ ಕೇಳಿದ್ದಲ್ಲ, ನಗಚಾಟಕ್ಕೂ ಅಲ್ಲ. ನನ್ನ ಗಾಡಿ ಕಾರ್ಬೊರೇಟರ್, ಅಂದ್ರ ಎಂಜಿನ್ನಿಗಿ ಪೆಟ್ರೋಲೂ ಗಾಳಿನೂ ಕಲಸಿ ಕೊಡೋ ಭಾಗ, ಕೈಯಾಗ ಹಿಡದು, ಬಿಸಿಲಿಗೆ ಒಂದಿಷ್ಟು ವಾಲಿಸಿ ಒಳಗ ಇಣುಕಿ ನೋಡಿ, ಆಮ್ಯಾಲ ಕಲ್ಲಂಗಡಿ ಹಣ್ಣು ಮೂಸ್ತಾರಲ್ಲ ಹಂಗ ಮೂಸಿ ನೋಡಿ, ಮೆತ್ತಗ ಕೇಳ್ದ. ನಾ ಏನು ಹೇಳಿದೆ ಅನ್ನೋದೇ ಈ ಕತಿ.

ನಂದೊಂದು ಹಳೇ ಸ್ಪ್ಲೆಂಡರ್ ಅದ. 97.2 ಸಿಸಿ, ಕಿಕ್ ಹೊಡದ್ರ ಏಳೋ ಗಾಡಿ. ಈಚೀಗ ಮನ್ಯಾಗ ಸ್ಕೂಟಿ ಬಂದಮ್ಯಾಲ ಅದನ್ನ ಯಾರೂ ಮಾತಾಡ್ಸಲ್ಲ, ಸಂಕ್ರಾಂತಿ ಆದಮ್ಯಾಲ ಬೇವಿನ ಗಿಡದ ಕೆಳಗ ನಿಂತಿದ್ದು ನಿಂತಂಗೇ ಇತ್ತು. ಪೇಪರ್ ತಿದ್ದೋ ಡ್ಯೂಟಿ ಮುಗಿಸಿ ಬಂದು ಹೋದ ವಾರ ಚಾಲೂ ಮಾಡ್ಲಿಕ್ಕ ಹೋದ್ರ ಚೋಕ್ ಎಳದ್ರ ಏಳ್ತದ, ಚೋಕ್ ಬಿಟ್ಟ ಕೂಡ್ಲೇ ಸಾಯ್ತದ. ಸ್ಲೋ ನಿಲ್ಲಲ್ಲ, ಅಂದ್ರ ರೇಸ್ ಕೊಡದೇ ಗಾಡಿ ಚಾಲೂ ಇರಲ್ಲ. ಗಾಡಿ ಇಟ್ಟವರಿಗೆಲ್ಲ ಗೊತ್ತದ, ಸ್ಲೋ ಜೆಟ್‌ನಾಗ ಕಚರಾ ಕುಂತದ ಅಂತ ಅರ್ಥ, ಸ್ಲೋ ಜೆಟ್ ಅಂದ್ರ ಕಾರ್ಬೊರೇಟರಿನ್ಯಾಗ ಸ್ಲೋಕ್ಕ ಬೇಕಾದಷ್ಟೇ ಪೆಟ್ರೋಲ್ ಬಿಡೋ ಸಣ್ಣ ತೂತಿನ ಹಿತ್ತಾಳಿ ಭಾಗ. ನಮ್ಮ ಗಲ್ಲಿ ಹುಡುಗರಿಗೂ ಗೊತ್ತದ. 150 ರೂಪಾಯಿ ಕೊಟ್ರ ಮಿಸ್ತ್ರಿ ತಾಸಿನ್ಯಾಗ ಮಾಡಿ ಕೊಡ್ತಿದ್ದ.

ಆದ್ರ ರಜಾ ಇತ್ತಲ್ಲ. ರಜಾ ಅನ್ನೋದು ಮಾಸ್ತರ ಜಾತಿಗೆ ಛಲೋ ಅಲ್ಲ. ಅದರ ಮ್ಯಾಲ ಬೀದರ್‌ನ್ಯಾಗ ಇರೋ ನನ್ನ ಹೆಂಡ್ತಿ ತಮ್ಮ ಒಂದು ವಿಡಿಯೋ ಕಳಿಸಿದ. "ಮಾಮಾ, ಕಾರ್ಬೊರೇಟರ್ ನಿಂಬಿಹಣ್ಣಿನ ರಸದಾಗ ಕುದಿಸಿದ್ರ ಹೊಸಾದರಂಗ ಆಗ್ತದಂತ ನೋಡ್ರಿ." ಈ ಮನುಷ್ಯ ಜೀವನದಾಗ ಒಂದು ಬೋಲ್ಟ್ ಬಿಚ್ಚಿದವ ಅಲ್ಲ, ಅವನ ಗಾಡಿ ಪಂಚರ್ ಆದ್ರ ನಮಗ ಫೋನ್ ಬರ್ತದ, ಆದ್ರ ಜಗತ್ತಿನ ಎಲ್ಲಾ ರಿಪೇರಿ ವಿಡಿಯೋ ಅವನ ಫೋನಿನ್ಯಾಗ ಅವ. ಇರ್ಲಿ, ಅವನ ಮ್ಯಾಲ ಹಾಕಿ ನಾ ಪಾರಾಗೋ ಹಂಗಿಲ್ಲ. ಯಾಕಂದ್ರ ನಾನು ಪಿಯು ಕಾಲೇಜಿನ್ಯಾಗ ಕೆಮಿಸ್ಟ್ರಿ ಹೇಳ್ತೀನಿ. 19 ವರ್ಷ ಆತು. ಈಗ ನಗೋರು ನಕ್ಕೊಂಡ್‌ಬಿಡ್ರಿ, ಮುಂದಿಂದು ಆಮ್ಯಾಲ ಓದ್ರಿ.

ಬಿಚ್ಚಿದೆ. ಕೆಳಗಿನ ಬಟ್ಟಲ ತೆಗದ್ರ ಒಳಗ ಬೆಲ್ಲದ ಪಾಕ ಆರಿ ಗಟ್ಟಿ ಆದಂಗ ಕಂದು ಬಣ್ಣದ್ದು ತಳಕ್ಕ ಅಂಟಿತ್ತು. ಹಳೇ ಪೆಟ್ರೋಲ್ ಆರಿ ಹೋದಾಗ ಉಳಿಯೋ ಗೋಂದು ಅದು. ಈಗಿನ ಪೆಟ್ರೋಲ್‌ನಾಗ 20 ಪರ್ಸೆಂಟ್ ಎಥನಾಲ್ ಬ್ಯಾರೆ, ಅದು ಗಾಳ್ಯಾಗಿನ ನೀರು ಎಳಕೋತದ, ಹಂಗಾಗಿ ಬಟ್ಟಲದ ಮೂಲ್ಯಾಗ ಬಿಳೀ ಪುಡಿನೂ ಕಟ್ಟಿತ್ತು. ಸ್ಲೋ ಜೆಟ್ ಬಿಚ್ಚಿ ಸೂರ್ಯಾಗ ಹಿಡದು ನೋಡ್ದೆ. ಕೂದಲಷ್ಟು ಸಣ್ಣ ತೂತು ಇರ್ಬೇಕಾದ ಕಡೆ ಕತ್ತಲ.

ಮೊದ್ಲು ಹುಣಸಿಹಣ್ಣು. ನಮ್ಮ ಮನಿಯವ್ರು ಹಬ್ಬಕ್ಕ ಹಿತ್ತಾಳಿ ಸಮಯಿ ತಿಕ್ಕೋದು ಅದರಲೇ ಅಲ್ಲೇನು, ಜೆಟ್ಟೂ ಹಿತ್ತಾಳಿನೇ ಅಲ್ಲೇನು ಅಂತ ಲೆಕ್ಕ. ಥಳಥಳ ಹೊಳೀತು ನೋಡ್ರಿ! ತೂತು ಮಾತ್ರ ಬಂದ್ ಆಗೇ ಇತ್ತು. ಆಮ್ಯಾಲ ನಿಂಬಿಹಣ್ಣು. "ಮೇ ತಿಂಗಳದಾಗ ಲಿಂಬು ರೇಟ್ ಗೊತ್ತದೇನ್ರೀ ನಿಮಗ, ಮಂದಿ ಶರಬತ್ ಕುಡಿಲಿಕ್ಕ ಯೋಚನಿ ಮಾಡ್ಲತ್ತಾರ, ನೀವು ಗಾಡಿಗಿ ಕುಡಸ್ಲತ್ತೀರಿ" ಅಂದ್ಲು ಹೆಂಡ್ತಿ. ಪಾತೇಲಿ ಕೊಡಲಿಲ್ಲ. ಹಳೇ ಡಬ್ಬಿಯಾಗ ಕುದಿಸ್ದೆ. ಬಿಳೀ ಪುಡಿ ಹೋತು, ಕಂದು ಗೋಂದು ಹೋಗಲಿಲ್ಲ. ಇಲ್ಲಿಗಿ ನಿಲ್ಲಿಸಬೇಕಿತ್ತು.

ನಿಲ್ಲಿಸಲಿಲ್ಲ. ಕಲಬುರಗಿಯಾಗ ಬೋರಿನ ನೀರು ಉಪಯೋಗಿಸೋ ಮನಿಯವರಿಗೆ ಹೇಳೋದು ಬ್ಯಾಡ, ನಲ್ಲಿಗಿ, ಬಕೆಟ್ಟಿಗಿ, ಫರ್ಸಿ ಕಲ್ಲಿಗಿ ಎಲ್ಲಾ ಕಡೆ ಬಿಳೀ ಉಪ್ಪು ಗಟ್ಟಿ ಆಗಿ ಕೂಡ್ತದ, ಅದನ್ನ ತೆಗಿಲಿಕ್ಕ ಪ್ರತಿ ಬಾತ್‌ರೂಮಿನ್ಯಾಗ ಒಂದು ಸಂಡಾಸ ತೊಳಿಯೋ ಬಾಟ್ಲಿ ಇದ್ದೇ ಇರ್ತದ. ಅದರಾಗ ಇರೋದು ಹೈಡ್ರೋಕ್ಲೋರಿಕ್ ಆಸಿಡ್. ಅದು ನನಗ ಗೊತ್ತದ. ಅದೂ ಗೊತ್ತದ, ಇದೂ ಗೊತ್ತದ, ಕಾರ್ಬೊರೇಟರ್ ಬಾಡಿ ಅಲ್ಯುಮಿನಿಯಮ್ಮೋ ಜಿಂಕೋ ಬೆರೆಸಿ ಎರಕ ಹೊಯ್ದಿದ್ದು ಅಂತ. ಎರಡಕ್ಕೂ ಆಸಿಡ್ ಬಿದ್ರ ಲೋಹ ಕರಗಿ ಹೈಡ್ರೋಜನ್ ಗ್ಯಾಸ್ ಏಳ್ತದ ಅಂತ ಪ್ರತಿ ವರ್ಷ ಬೋರ್ಡಿನ ಮ್ಯಾಲ ಬರೀತೀನಿ. ಪ್ರಾಕ್ಟಿಕಲ್ ಪರೀಕ್ಷಾದಾಗ ವೈವಾಕ್ಕ ಕುಂತ ಹುಡುಗರಿಗಿ ನಾ ಕೇಳೋ ಮೊದಲ ಪ್ರಶ್ನಿನೇ ಅದು, ಅಲ್ಯುಮಿನಿಯಮ್ ಆಸಿಡಿಗೂ ಕರಗ್ತದ ಕಾಸ್ಟಿಕ್ ಸೋಡಾಕ್ಕೂ ಕರಗ್ತದ, ಯಾಕ ಹೇಳು ತಮ್ಮಾ. ಹೇಳಲಿಲ್ಲಂದ್ರ ಮಾರ್ಕ್ಸ್ ಕಟ್.

ಎಲ್ಲಾ ಗೊತ್ತಿದ್ದವ ಕಾರ್ಬೊರೇಟರ್ ಬಕೆಟ್ಟಿನ್ಯಾಗ ಇಟ್ಟು ಮ್ಯಾಲ ಬಾಟ್ಲಿ ಡೊಗ್ಗಿಸಿದೆ. ಐದೇ ನಿಮಿಷ ಅಂತ. ಮಜಾ ಏನಂದ್ರ ಮೊದ್ಲಿನ ಎರಡು ಮೂರು ನಿಮಿಷ ಏನೂ ಆಗಲಿಲ್ಲ. ಅಲ್ಯುಮಿನಿಯಮ್ ಮ್ಯಾಲ ಆಕ್ಸೈಡಿನ ತೆಳ್ಳಗಿನ ಪದರ ಇರ್ತದ, ಅದು ಕರಗೋ ತನಕ ಸುಮ್ನ ಇರ್ತದ, ಆಮ್ಯಾಲ ಸುರು ಆಗ್ತದ. ಇದನ್ನೂ ನಾನೇ ಕಲಿಸ್ತೀನಿ. ಸುಮ್ನ ಅದಲ್ಲ ಅಂತ ನೋಡಿ, ಅಷ್ಟ್ರಾಗ ಒಂದು ಫೋನ್ ಬಂತು, ಜೊತಿಗಿ ಕೆಲಸ ಮಾಡೋರು, ವರ್ಗಾವಣಿ ಸುದ್ದಿ ಸುರು ಮಾಡಿದ್ರ ಅರ್ಧ ತಾಸಿಗಿ ಕಡಿಮಿ ಬಿಡೋ ಮನುಷ್ಯ ಅಲ್ಲ. ವಾಪಸ್ ಬಂದ್ರ ಬಾತ್‌ರೂಮಿನ್ಯಾಗ ಸುಯ್ಯ್ ಅಂತ ಸಪ್ಪಳ, ಬಕೆಟ್ ತುಂಬ ಬೂದಿ ಬಣ್ಣದ ನೊರಿ, ಮೂಗಿಗಿ ಹೊಡಿಯೋ ಘಾಟು. ಬಾಜೂಕ ಬ್ಲೀಚಿಂಗ್ ಪೌಡರ್ ಡಬ್ಬಿ ಇತ್ತು, ಅದೊಂದು ಅದರಾಗ ಬೀಳಲಿಲ್ಲ, ಬಿದ್ದಿದ್ರ ಕ್ಲೋರಿನ್ ಗ್ಯಾಸ್ ಆಗಿ ಈ ಕತಿ ಬ್ಯಾರೆಯವರು ಬರೀಬೇಕಾಗ್ತಿತ್ತು.

ಇಕ್ಕಳಲೆ ಹಿಡದು ತೆಗದೆ. ಬಾಡಿ ಕರ್ರಗ ಆಗಿತ್ತು, ಮ್ಯಾಲ ಹುಳ ತಿಂದ ತೊಗರಿಬ್ಯಾಳಿ ಹಂಗ ಸಣ್ಣ ಸಣ್ಣ ಕುಳಿ. ಹಿತ್ತಾಳಿ ಜೆಟ್ ಹಳದಿ ಹೋಗಿ ಗುಲಾಬಿ ಬಣ್ಣ ತಿರುಗಿತ್ತು, ಅದರಾಗಿನ ಸತು ತಿಂದು ತಾಮ್ರ ಅಷ್ಟೇ ಮ್ಯಾಲ ಬಿಟ್ಟಿತ್ತು. ನೋಡ್ಲಿಕ್ಕ ಖರೇ ಛಂದ ಇತ್ತು, ಸುಳ್ಳ್ಯಾಕ ಹೇಳ್ಬೇಕು. ಸೂರ್ಯಾಗ ಹಿಡದೆ. ತೂತು ಇನ್ನೂ ಕತ್ತಲ! ಯಾಕಂದ್ರ ಪೆಟ್ರೋಲಿನ ಗೋಂದು ಆಸಿಡಿಗಿ ಕರಗೋ ವಸ್ತುನೇ ಅಲ್ಲ, ಅದು ಎಣ್ಣಿ ಜಾತಿ, ಪೆಟ್ರೋಲೋ ಥಿನ್ನರೋ ಹಾಕಿದ್ರ ಕರಗ್ತದ. ಕರಗಬೇಕಾದ್ದು ಕರಗಲಿಲ್ಲ, ಉಳೀಬೇಕಾದ್ದು ಕರಗಿತ್ತು. ಕಡೀಗಿ ಸೀರಿ ಪಿನ್ ತಗೊಂಡು ಚುಚ್ಚಿ ಚುಚ್ಚಿ ತೂತು ಮಾಡ್ದೆ. ಸೋಡಾ ಹಾಕಿ ತೊಳದು, ಜೋಡಿಸಿ, ಪೆಟ್ರೋಲ್ ಬಿಟ್ರ ಕಾರ್ಬೊರೇಟರಿನ ಪೈಪಿನಿಂದ ತಟತಟ ಅಂತ ಹರಿಲತ್ತಿತು. ಪೆಟ್ರೋಲ್ ತಡಿಯೋ ಸೂಜಿ ಕೂಡೋ ಜಾಗಾ ಸೈತ ತಿಂದುಬಿಟ್ಟಿತ್ತು.

ಮಂಗಳವಾರ ಬೆಳಿಗ್ಗಿ ಗಾಡಿ ನೂಕ್ಕೊಂಡು ರಿಂಗ್ ರೋಡ್ ಬಾಜು ಇರೋ ಗ್ಯಾರೇಜಿಗಿ ಹೋದೆ. ಹತ್ತು ಗಂಟಿಗೇ ಬಿಸಿಲು ಅಂದ್ರ ಬಿಸಿಲು. ಮಿಸ್ತ್ರಿ ಚಾಚಾಗ ಅರವತ್ತು ದಾಟಿರಬೇಕು, ಕನ್ನಡಾನೂ ದಖನಿನೂ ಕಲಸಿ ಮಾತಾಡ್ತಾನ, ಗಿರಾಕಿ ಜೋಡಿ ಜಾಸ್ತಿ ಮಾತಿಲ್ಲ. ಬಿಚ್ಚಿದ. ನೋಡ್ದ. ಮೂಸ್ದ.

"ಯಾರ್ ಬಿಚ್ಚ್ಯಾರ್ರೀ ಇದಕ?"

ನನ್ನ ಬಾಯಿಂದ ಬಂದಿದ್ದು: "ಒಬ್ಬಾಂವ ಮಿಸ್ತ್ರಿ ಚಾಚಾ. ಹೊಸ ಹುಡುಗ. ಆಳಂದ ರೋಡ್ ಕಡೆ."

ಯೋಚನಿ ಮಾಡಿ ಹೇಳಿದ್ದಲ್ಲ. ಆಳಂದ ರೋಡ್ ಯಾಕ ಬಂತು ಅಂತ ದೇವರಾಣಿ ಗೊತ್ತಿಲ್ಲ. ಆ ಹುಡುಗ ಒಂದೇ ಸೆಕೆಂಡಿನ್ಯಾಗ ಹುಟ್ಟಿದ, ಅವನಿಗೊಂದು ಊರ ಕಡೆನೂ ಕೊಟ್ಟುಬಿಟ್ಟೆ. ಚಾಚಾ ಏನಂದ ಗೊತ್ತದೇನ್ರಿ? "ಹೊಸಬ ಇರ್ಬೇಕು, ಬಿಡ್ರಿ. ಕಲೀತಾನ." ಅಷ್ಟೇ. ಬೈಲಿಲ್ಲ. ನಾನಾಗಿದ್ರ, "ಇಂಥವರಿಗೆಲ್ಲ ಪಾನಾ ಕೊಟ್ಟಾರಲ್ಲ" ಅಂತ ಸುರು ಮಾಡ್ತಿದ್ದೆ. ಮಾಡೀನಿ ಕೂಡ. ಯಾವುದೋ ಹುಡುಗ ಬ್ಯೂರೆಟ್ ಒಡದು "ಮೊದ್ಲೇ ಒಡದಿತ್ತು ಸರ್" ಅಂದಾಗ ಇಡೀ ಲ್ಯಾಬ್ ಎದುರಿಗಿ ನಿಲ್ಲಿಸಿ ಕೇಳೀನಿ, ಮೊದ್ಲೇ ಅಂದ್ರ ಯಾರು, ನಿಮ್ಮಜ್ಜಾ ಏನು ಅಂತ. ಆ ಹುಡುಗ ತಲಿ ಕೆಳಗ ಹಾಕಿ ನಿಂತಿದ್ದ. ಅವನ ಮುಖ ಮಂಗಳವಾರದಿಂದ ಎರಡು ಸಲ ನೆನಪಾತು.

ಚಾಚಾ ಆಮ್ಯಾಲ ಸ್ಲೋ ಜೆಟ್ ಅಂಗೈ ಮ್ಯಾಲ ಇಟಗೊಂಡು ತೋರಿಸಿದ. ಪಿನ್ನಿಲೆ ಚುಚ್ಚಿದ್ದಕ್ಕ ತೂತು ಅಗಲ ಆಗ್ಯಾದ, ಇನ್ನ ಇದರಾಗ ಪೆಟ್ರೋಲ್ ಲೆಕ್ಕಕ್ಕಿಂತ ಜಾಸ್ತಿ ಬೀಳ್ತದ, ಕಪ್ಪು ಹೊಗಿ ಹೊಡೀತದ ಅಂದ. ಅವನ ಹತ್ರ ಒಂದು ಹಳೇ ವೈರಿನ ತುಂಡು ಇತ್ತು, ಅದರಾಗಿಂದ ಒಂದೇ ಒಂದು ತಾಮ್ರದ ಎಳಿ ಎಳದ. "ಇದು ಮೆತ್ತಗ ಇರ್ತದ, ಹಿತ್ತಾಳಿಗಿ ಗೀರು ಬೀಳಲ್ಲ. ಪಿನ್ ಸ್ಟೀಲು, ಅದು ತೂತು ತಿಂತದ." ಯಾವ ಲೋಹ ಯಾವುದಕ್ಕಿಂತ ಗಟ್ಟಿ ಅನ್ನೋದು ನನ್ನ ಪುಸ್ತಕದಾಗೂ ಅದ. ಆ ಪುಸ್ತಕ ನನ್ನ ಕೈಯಿಗಿ ಎಂದೂ ಇಳಿದಿಲ್ಲ. ಅವ ರಾತ್ರಿ ಪೆಟ್ರೋಲಿನ್ಯಾಗ ನೆನಸಿಡ್ತಾನಂತ, ಮುಂಜಾನಿ ಹಳೇ ಬ್ರಷ್, ಆಮ್ಯಾಲ ಪ್ರತಿ ತೂತಿಗೂ ಹವಾ. ಮುಗೀತು. ರಬ್ಬರಿನ ರಿಂಗು, ಫ್ಲೋಟು ಮೊದ್ಲು ತೆಗದಿಟ್ಟು.

ಬಾಡಿ ಉಳಿಯಲ್ಲ ಅಂದ. ಹೊಸಾದು 1,650 ರೂಪಾಯಿ, ಸೂಪರ್ ಮಾರ್ಕೆಟ್ ಕಡಿಂದ ಹುಡುಗನ ಕಳಿಸಿ ತರಿಸಿದ. ಕಾಯ್ಕೊಂತ ಕುಂತಾಗ ಚಾ ತರಿಸಿದ, ಅದೂ ಅವನ ಲೆಕ್ಕದಾಗ. 2020ರ ಏಪ್ರಿಲ್‌ನಿಂದ ಬಿಎಸ್ 6 ಅನ್ನೋ ಹೊಗಿ ನಿಯಮ ಬಂದಮ್ಯಾಲ ಹೊಸ ಗಾಡಿಗೋಳಿಗಿ ಹೆಚ್ಚಾಗಿ ಕಾರ್ಬೊರೇಟರೇ ಇಲ್ಲ, ಎಲ್ಲಾ ಫ್ಯೂಯಲ್ ಇಂಜೆಕ್ಷನ್, ಅದಕ್ಕ ಕಂಪ್ಯೂಟರ್ ಹಚ್ಚಿ ನೋಡ್ಬೇಕು. "ನಮ್ಮ ಕಿವಿ ಇನ್ನ ಏನು ಉಪಯೋಗ ಇಲ್ರಿ" ಅಂದ, ಅನ್ಕೋತ ನನ್ನ ಗಾಡಿ ರೇಸ್ ಜರಾ ತಿರುವಿ ಕಿವಿಲೆ ಸ್ಲೋ ಸೆಟ್ ಮಾಡ್ದ. ಸ್ಕ್ರೂ ಕಾಲು ಸುತ್ತು ಈ ಕಡೆ, ಕಾಲು ಸುತ್ತು ಆ ಕಡೆ. ಗಾಡಿ ನಿಂತಲ್ಲೇ ಬೆಕ್ಕಿನಂಗ ಗುರ್‌ಗುಟ್ಟಲತ್ತಿತು.

ಮನಿಗಿ ಬಂದು ಹೆಂಡ್ತಿಗಿ ಎಲ್ಲಾ ಹೇಳ್ದೆ, ಆಳಂದ ರೋಡ್ ಹುಡುಗಂದೂ ಹೇಳ್ದೆ. ಆಕಿ ನಗಲಿಲ್ಲ. "ಪಾಪ, ಯಾರ ಮಗನೋ ಏನೋ" ಅಂದ್ಲು. ಇಲ್ಲದ ಹುಡುಗಗ ಪಾಪ ಅಂದ್ಲು ನೋಡ್ರಿ. ಆವಾಗ ತಿಳೀತು, ಅವ ಇಲ್ಲದವ ಅಲ್ಲ. ಆಳಂದ ರೋಡಿಗಿ ಗ್ಯಾರೇಜ್ ಎಷ್ಟವ, ಅದರಾಗ ಎಸೆಸೆಲ್ಸಿ ಪಿಯುಸಿ ಫೇಲ್ ಆಗಿ ಕೆಲಸಕ್ಕ ಕುಂತ ಹೊಸ ಹುಡುಗರು ಎಷ್ಟು ಮಂದಿ ಅವರ. ಕೆಲವರು ನಮ್ಮ ಕಾಲೇಜಿನವರೇ ಇರ್ತಾರ, ಕೆಮಿಸ್ಟ್ರಿಯಾಗ ಹೋದವ್ರು. ನಮ್ಮಂಥವರ ಮನ್ಯಾಗ ಮಿಕ್ಸರ್ ಕೆಟ್ರ "ಆ ಮಿಸ್ತ್ರಿ ಕೆಡಿಸಿದ", ನಲ್ಲಿ ಸೋರಿದ್ರ "ಆ ಪ್ಲಂಬರ್ ಹಂಗೇ ಬಿಟ್ಟ", ಗ್ವಾಡಿ ಬಿರುಕು ಬಿಟ್ರ "ಗೌಂಡಿ ಸಿಮೆಂಟ್ ತಿಂದ". ಖರೇನೂ ಇರಬಹುದು ಒಂದೊಂದ್ಸಲ. ಆದ್ರ ನಾ ಇಷ್ಟು ವರ್ಷದಾಗ ಯಾವ ಮಿಸ್ತ್ರಿ ಬಾಯಾಗೂ "ಆ ಮಾಸ್ತರ ಕೆಡಿಸ್ಯಾನ" ಅನ್ನೋ ಮಾತು ಕೇಳಿಲ್ಲ. ನಾವು ಕೆಡಿಸಿದ್ದು ಕಾಣಲ್ಲ ಅದಕ್ಕೋ, ಅಥವಾ ಅವರು ನೋಡಿ ಸುಮ್ನಿರ್ತಾರೋ.

ಯಾಕಂದ್ರ ಅವ ಮೂಸಿ ನೋಡ್ದ ಅಲ್ಲೇನ್ರಿ. ಸೋಡಾದಾಗ ತೊಳದ್ರೂ ಆ ಬಾಟ್ಲಿಗಿ ಹಾಕೋ ಸೆಂಟಿನ ವಾಸನಿ ಹೋಗಿರಲಿಲ್ಲ. ಯಾವ ಗ್ಯಾರೇಜಿನ್ಯಾಗ ಅದರಲೇ ತೊಳೀತಾರ? ಚಿಮಣಿ ಎಣ್ಣಿ ಇರ್ತದ, ಡೀಸೆಲ್ ಇರ್ತದ, ಪೆಟ್ರೋಲ್ ಇರ್ತದ. ಅದರ ಮ್ಯಾಲ ನನ್ನ ಬಲಗೈ ಬೆರಳು ಸುಟ್ಟು ಚರ್ಮ ಬಿಳೀ ಸುಲೀತಿತ್ತು, ಆ ಬೆರಳಿಲೇ ಚಾ ಕಪ್ ಹಿಡದಿದ್ದೆ ಅವನ ಎದುರಿಗಿ.

ಶುಕ್ರವಾರ ಮಧ್ಯಾಹ್ನ ಖರೇ ಹೇಳಿಬಿಡ್ಬೇಕಂತ ಹೋದೆ, ಜುಮ್ಮಾ ನಮಾಜಿಗಿ ಶಟರ್ ಎಳದಿತ್ತು. ಒಂಥರಾ ಸಮಾಧಾನ ಆತು, ಅದೂ ಹೇಳ್ತೀನಿ. ನಿನ್ನೆ ಮತ್ತ ಹೋದೆ, ಬಾಕಿ 200 ರೂಪಾಯಿ ಕೊಡೋದಿತ್ತು ಅನ್ನೋ ನೆಪ. ಚಾಚಾ ಒಂದು ಎಂಜಿನ್ ಮುಂದ ಕುಂತಿದ್ದ, ರೊಕ್ಕ ಎಣಿಸದೇ ಕಿಸೆಕ್ಕ ಹಾಕ್ಕೊಂಡ.

"ಸ್ಲೋ ನಿಂತದಿಲ್ರೀ?"

"ನಿಂತದ ಚಾಚಾ."

ನಾ ಬಾಯಿ ತೆಗೆಯೋದ್ರಾಗ ಅವ ಪಾನಾ ಒರೆಸ್ಕೋತ, ನನ್ನ ಮುಖ ನೋಡದೇ ಅಂದ: "ಆ ಹುಡುಗಗ ಹೇಳ್ರಿ, ಪೆಟ್ರೋಲಿನ್ಯಾಗ ನೆನಸು ಅಂತ. ಮತ್ತ ಕೈ ಸುಟ್ಕೊಂಡಾನು."

"ಹೇಳ್ತೀನಿ" ಅಂದೆ.