ಕಣದ ಮೂಲೆಗೆ ಬರುತ್ತಿದ್ದ ಫೋನುಗಳು

ಕೊಡಗಿನ ಕಕ್ಕಬೆ ಕಡೆಯ ಆ ಹೋಮ್‌ಸ್ಟೇಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಒಂದೇ ಕಡೆ. ಕಾಫಿ ಕಣದ ಮೂಲೆ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಶೆಡ್ಡಿನ ಕಂಬದ ಹತ್ತಿರ. ಕಂಬಕ್ಕೆ ಒಂದು ಮೊಳೆ, ಮೊಳೆಗೆ ಪ್ಲಾಸ್ಟಿಕ್ ಕವರ್, ಕವರಿನೊಳಗೆ ಹೋಮ್‌ಸ್ಟೇ ನಡೆಸುವ ಆಂಟಿಯ ಫೋನ್. ರಿಂಗ್ ಆದರೆ ಅಡುಗೆಮನೆಯಿಂದ ಕೊಡೆ ಹಿಡಿದುಕೊಂಡು ಓಡಬೇಕು. ಸೆಪ್ಟೆಂಬರ್ ಮಧ್ಯದಲ್ಲಿ ನಾನು, ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟವನು, ಬಾಕಿ ದುಡ್ಡು ಕೇಳಲು ಹೋಗಿದ್ದೆ. ಅರ್ಧ ಗಂಟೆಯಲ್ಲಿ ಅವರು ಮೂರು ಸಲ ಓಡಿದರು.

ಮೊದಲನೆಯದು ಪರ್ಸನಲ್ ಲೋನ್. ಎರಡನೆಯದು ಕ್ರೆಡಿಟ್ ಕಾರ್ಡ್. ಮೂರನೆಯದನ್ನು ಮುಗಿಸಿ ಬಂದವರು ಸೀರೆಯ ಅಂಚು ಹಿಂಡುತ್ತಾ ಹೇಳಿದರು: "ನಿನ್ನ ವೆಬ್‌ಸೈಟ್ ಆದಾಗಿಂದ ಬರೀ ಇಂಥದ್ದೇ ಮಾರಾಯ. ಇವನು ಯಾರೋ ಹೇಳ್ತಾನೆ, ನಮ್ಮ ಸೈಟ್ ಗೂಗಲ್‌ನಲ್ಲಿ ಇಲ್ಲವೇ ಇಲ್ಲವಂತೆ. ದುಡ್ಡು ಕೊಟ್ರೆ ಫಸ್ಟ್ ಪೇಜಿಗೆ ತರ್ತಾನಂತೆ."

ನಾನು ನಕ್ಕೆ. "ಅವರೆಲ್ಲ ಹಾಗೇ ಹೇಳೋದು ಆಂಟಿ. ಹೊಸ ಸೈಟ್ ಅಲ್ವಾ, ಗೂಗಲ್ ಸ್ವಲ್ಪ ಟೈಮ್ ತಗೊಳ್ಳುತ್ತೆ."

ಈ ಡೈಲಾಗನ್ನು ನಾನು ಆರು ವಾರದಿಂದ ಹೇಳುತ್ತಿದ್ದೆ. ಸೈಟ್ ಲೈವ್ ಮಾಡಿದ್ದು ಕೊಡವರ ಕಕ್ಕಡ ತಿಂಗಳ ಹದಿನೆಂಟರ ದಿನ, ಆಗಸ್ಟ್ 3. ಅವತ್ತು ಮದ್ದು ಸೊಪ್ಪಿನ ಪಾಯಸ ಬೇರೆ ತಿನ್ನಿಸಿದ್ದರು. ಕಪ್ಪು ನೇರಳೆ ಬಣ್ಣದ ಪಾಯಸ, ಮೇಲೆ ಜೇನು. ದಸರಾ ರಜೆಗೆ ಬುಕಿಂಗ್ ಬರಬೇಕು, ಅದಷ್ಟೇ ಅವರು ಕೇಳಿದ್ದು. ಅದಕ್ಕೆ ನಾನು ಮಾಡಿದ್ದು ಡೈರೆಕ್ಟರಿ ಸಬ್ಮಿಷನ್, ಅಂದರೆ ವೆಬ್‌ಸೈಟುಗಳ ಪಟ್ಟಿ ಇಡುವ ತಾಣಗಳಲ್ಲಿ ನಮ್ಮ ಹೆಸರು ಸೇರಿಸುವುದು. ನೂರೆಂಬತ್ತು ಡೈರೆಕ್ಟರಿ. ಎರಡು ವಾರ ರಾತ್ರಿ ಕೂತು ಅದೇ ಹೆಸರು, ಅದೇ ವಿಳಾಸ, ಅದೇ ಫೋನ್ ನಂಬರ್ ತುಂಬಿದ್ದೇ ತುಂಬಿದ್ದು. ಪಿನ್‌ಕೋಡ್ ನೆನಪಾಗದೆ ಮಡಿಕೇರಿಯ 571201 ಹಾಕಿಬಿಟ್ಟಿದ್ದೆ.

ಇದು ನನ್ನ ಐಡಿಯಾ ಅಲ್ಲ, ನಮ್ಮ ಬಾಸಿನ ಪ್ಯಾಕೇಜು. ಅವರ ಕೊಟೇಶನ್ ಫೈಲಿನಲ್ಲಿ ಇವತ್ತಿಗೂ 'ಯಾಹೂ ಡೈರೆಕ್ಟರಿ ಮತ್ತು ಡಿಮೋಜ್ ಸೇರಿ' ಅಂತ ಒಂದು ಸಾಲು ಇದೆ. ಯಾಹೂ ಡೈರೆಕ್ಟರಿ ಮುಚ್ಚಿದ್ದು 2014ರ ಕೊನೆಯಲ್ಲಿ. ಡಿಮೋಜ್ ಮುಚ್ಚಿದ್ದು 2017ರ ಮಾರ್ಚ್‌ನಲ್ಲಿ. ಒಂದು ಕಾಲದಲ್ಲಿ ಅವಕ್ಕೆ ಬೆಲೆ ಇತ್ತು, ಇಲ್ಲ ಅನ್ನಲ್ಲ. ಡಿಮೋಜ್‌ನಲ್ಲಿ ಸ್ವಯಂಸೇವಕರು ಕೂತು ಒಂದೊಂದೇ ಸೈಟ್ ನೋಡಿ ಸೇರಿಸುತ್ತಿದ್ದರು. ಯಾಹೂದವರು ಕಮರ್ಷಿಯಲ್ ಸೈಟಿಗೆ ವರ್ಷಕ್ಕೆ 299 ಡಾಲರ್ ತಗೊಳ್ಳುತ್ತಿದ್ದರು. ಈಗ ಉಳಿದಿರುವ ಬಹುಪಾಲು ಡೈರೆಕ್ಟರಿಗಳಲ್ಲಿ ನೋಡುವವರೇ ಇಲ್ಲ. ಕಳಪೆ ಡೈರೆಕ್ಟರಿ ಲಿಂಕುಗಳನ್ನು ಗೂಗಲ್ ತನ್ನ ನಿಯಮದಲ್ಲೇ ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. ಬಾಸಿಗೆ ಹೇಳಿದರೆ, "ಕ್ಲೈಂಟಿಗೆ ಎಕ್ಸೆಲ್ ಶೀಟ್ ತೋರಿಸೋಕೆ ಏನಾದ್ರೂ ಬೇಕಲ್ಲಪ್ಪ."

ಇರಲಿ. ಆ ಸ್ಪ್ಯಾಮ್ ಕಾಲ್‌ನವನು ಸುಳ್ಳ ಅಂತ ತೋರಿಸಬೇಕಿತ್ತು. ಕರೆಂಟ್ ಇಲ್ಲ, ವೈಫೈ ಸತ್ತಿತ್ತು. ಲ್ಯಾಪ್‌ಟಾಪ್ ಎತ್ತಿಕೊಂಡು ಪಲ್ಪರ್ ಶೆಡ್ಡಿಗೆ ಹೋದೆ. ಬೋರಲು ಹಾಕಿದ ಡ್ರಮ್ಮಿನ ಮೇಲೆ ಇಟ್ಟು, ನನ್ನ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟೆ. ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಆಂಟಿ ಕಾಫಿ ಲೋಟ ಹಿಡಿದು ಹಿಂದೆ ನಿಂತರು.

ಗೂಗಲ್‌ನಲ್ಲಿ ಸೈಟ್ ಕೋಲನ್ ಹಾಕಿ ಡೊಮೈನ್ ಟೈಪ್ ಮಾಡಿದೆ, ಹಾಗೆ ಹಾಕಿದರೆ ಆ ಸೈಟಿನ ಪೇಜುಗಳಷ್ಟೇ ಬರುತ್ತವೆ. ಸೊನ್ನೆ. ಹೋಮ್‌ಸ್ಟೇ ಹೆಸರು ಹಾಕಿದೆ. ನಾನೇ ತುಂಬಿದ ನಾಲ್ಕೈದು ಡೈರೆಕ್ಟರಿ ಬಂತು, ಒಂದರಲ್ಲಿ ಮಂಗಳೂರಿನ ಹೋಟೆಲ್ ಅಂತ ಬೇರೆ ಹಾಕಿದ್ದಾರೆ. ನಮ್ಮ ಸೈಟ್ ಮಾತ್ರ ಇಲ್ಲ.

"ಬಂತಾ?"

"ನೆಟ್ ಸ್ಲೋ ಇದೆ ಆಂಟಿ."

ನೆಟ್ ಸರಿಯಾಗೇ ಇತ್ತು. ಸರ್ಚ್ ಎಂಜಿನ್ನುಗಳಿಗೆ ಕೊಡುವ ಪೇಜುಗಳ ಪಟ್ಟಿ, ಅಂದರೆ ಸೈಟ್‌ಮ್ಯಾಪ್, ತೆಗೆದೆ. 404, ಪೇಜೇ ಇಲ್ಲ. ಅದನ್ನು ಆಗಸ್ಟಿನಲ್ಲೇ ನೋಡಿದ್ದೆ. ಹೋಸ್ಟಿಂಗ್‌ನವರ ಸರ್ವರ್ ಪ್ರಾಬ್ಲಂ ಅಂತ ಬಯ್ದು, ಟಿಕೆಟ್ ಹಾಕಿ ಮರೆತಿದ್ದೆ. ಗೂಗಲ್‌ಗೆ ಸೈಟ್ ಹೇಗೆ ಕಾಣುತ್ತಿದೆ ಅಂತ ತೋರಿಸುವ ಸರ್ಚ್ ಕನ್ಸೋಲ್ ನೋಡೋಣ ಅಂದರೆ ಅದು ಬಾಸಿನ ಜಿಮೇಲಿನಲ್ಲಿದೆ. ಎಲ್ಲಾ ಕ್ಲೈಂಟ್‌ಗಳದ್ದೂ ಅಲ್ಲೇ, ಪಾಸ್‌ವರ್ಡ್ ಕೊಡಲ್ಲ, ಓಟಿಪಿ ಬೇಕು. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಆಂಟಿ ಕಾಫಿ ಲೋಟವನ್ನು ಡ್ರಮ್ಮಿನ ಮೇಲಿಟ್ಟರು. ಏನೂ ಕೇಳಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿ ಇತ್ತು.

ಬೇರೆ ದಾರಿ ಕಾಣದೆ ಹೋಮ್ ಪೇಜಿನ ಸೋರ್ಸ್ ಕೋಡ್ ತೆಗೆದೆ. ಹುಡುಕಬೇಕಾಗಿಯೂ ಬರಲಿಲ್ಲ. ಮೇಲೆಯೇ, ಸರ್ಚ್ ಎಂಜಿನ್ನುಗಳಿಗೆ ಸೂಚನೆ ಕೊಡುವ ರೋಬಾಟ್ಸ್ ಮೆಟಾ ಸಾಲಿನಲ್ಲಿ: ನೋಇಂಡೆಕ್ಸ್. ಅಂದರೆ, ಈ ಪೇಜನ್ನು ಹುಡುಕಾಟದಲ್ಲಿ ತೋರಿಸಬೇಡ.

ಜುಲೈನಲ್ಲಿ ಟೆಸ್ಟ್ ಸಬ್‌ಡೊಮೈನಿನಲ್ಲಿ ಸೈಟ್ ಕಟ್ಟುವಾಗ, ಅರೆಬರೆ ಪೇಜುಗಳು ಗೂಗಲ್‌ಗೆ ಸಿಗದಿರಲಿ ಅಂತ ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್ಸ್‌ನಲ್ಲಿ ಆ ಟಿಕ್ ಹಾಕಿದ್ದವನು ನಾನೇ. ಡೇಟಾಬೇಸ್ ಎತ್ತಿ ಲೈವ್‌ಗೆ ಹಾಕಿದಾಗ ಟಿಕ್ಕೂ ಜೊತೆಗೆ ಬಂತು. ಆ ಟಿಕ್ ಇದ್ದರೆ ವರ್ಡ್‌ಪ್ರೆಸ್ ತನ್ನ ಸೈಟ್‌ಮ್ಯಾಪನ್ನೂ ಕೊಡುವುದಿಲ್ಲ, ಅದಕ್ಕೇ 404. ಇಷ್ಟು ಸಾಲದು ಅಂತ ಡ್ಯಾಶ್‌ಬೋರ್ಡಿನಲ್ಲಿ ಪೇಜುಗಳ ಲೆಕ್ಕ ತೋರಿಸುವ ಡಬ್ಬಿಯಲ್ಲೇ 'ಸರ್ಚ್ ಎಂಜಿನ್ಸ್ ಡಿಸ್‌ಕರೇಜ್ಡ್' ಅಂತ ಬರೆದಿರುತ್ತದೆ. ಆರು ವಾರ ದಿನಾ ಲಾಗಿನ್ ಆಗಿದ್ದೇನೆ. ಕಣ್ಣಿಗೇ ಬಿದ್ದಿಲ್ಲ.

ಟಿಕ್ ತೆಗೆದೆ, ಸೇವ್ ಕೊಟ್ಟೆ. ಸೈಟ್‌ಮ್ಯಾಪ್ ತಕ್ಷಣ ತೆರೆದುಕೊಂಡಿತು. ಹತ್ತು ಸೆಕೆಂಡಿನ ಕೆಲಸ.

ಆಂಟಿಗೆ ಹೇಳಲೋ ಬೇಡವೋ ಅಂತ ಸ್ವಲ್ಪ ಹೊತ್ತು ಯೋಚಿಸಿದ್ದು ನಿಜ. ಗೂಗಲ್ ಅಪ್‌ಡೇಟ್ ಅಂತ ಏನೋ ಒಂದು ಬಿಡಬಹುದಿತ್ತು, ನಮ್ಮ ಫೀಲ್ಡಲ್ಲಿ ಅದು ಮಾಮೂಲು. ಆದರೆ ಮೂರು ಸಲ ಮಳೆಯಲ್ಲಿ ಓಡಿದ್ದನ್ನು ನೋಡಿದ ಮೇಲೆ ಬಾಯಿ ಬರಲಿಲ್ಲ. "ತಪ್ಪು ನಂದೇ ಆಂಟಿ. ಗೂಗಲ್‌ಗೆ ಬರಬೇಡ ಅಂತ ನಾನೇ ಹೇಳಿಟ್ಟಿದ್ದೆ."

ಅವರು ಸ್ವಲ್ಪ ಯೋಚಿಸಿದರು. "ಅಂದ್ರೆ ಆ ಫೋನ್ ಮಾಡಿದವನು ಹೇಳಿದ್ದು ಸರಿ?"

"ಸರಿ."

"ಪಾಪ, ನಾನು ಬಯ್ದುಬಿಟ್ಟೆ."

ಆಮೇಲಿನದೆಲ್ಲ ಮಾಮೂಲಿ ಕೆಲಸ. ರಾತ್ರಿ ಬಾಸ್ ಓಟಿಪಿ ಕೊಟ್ಟರು. ನೋಇಂಡೆಕ್ಸ್‌ನಿಂದಾಗಿ ಪೇಜುಗಳನ್ನು ಹೊರಗಿಟ್ಟಿದ್ದೇವೆ ಅಂತ ಸರ್ಚ್ ಕನ್ಸೋಲ್ ಆಗಸ್ಟಿನಿಂದಲೇ ತೋರಿಸುತ್ತಿತ್ತು, ಅವರ ಇನ್‌ಬಾಕ್ಸಿಗೆ ಇಮೇಲ್ ಕೂಡ ಹೋಗಿತ್ತು, ಅವರು ಓದಿರಲಿಲ್ಲ. ಸೈಟ್‌ಮ್ಯಾಪ್ ಕೊಟ್ಟು ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಿದೆ. ಬಿಂಗ್‌ಗೆ ಅಲ್ಲಿಂದಲೇ ಇಂಪೋರ್ಟ್ ಮಾಡಿದೆ. ಟೈಟಲಿನಲ್ಲಿ ಬರೀ ಕೊಡಗು ಅಂತಿತ್ತು, ಕೂರ್ಗ್ ಅಂತಲೂ ಸೇರಿಸಿದೆ. ನಮಗೆ ಇಷ್ಟವಿರಲಿ ಬಿಡಲಿ, ಬೆಂಗಳೂರಿನವರು ಹುಡುಕುವುದು ಹಾಗೆಯೇ. ನಾಲ್ಕನೇ ದಿನ ಹೋಮ್ ಪೇಜ್ ಬಂತು, ರೂಮುಗಳ ಪೇಜಿಗೆ ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಮಡಿಕೇರಿ ದಸರಾ ಮುಗಿದಿತ್ತು. ಆ ರಜೆಗೆ ತುಂಬಿದ್ದು ಎರಡೇ ರೂಮು, ಎರಡೂ ಹಳೇ ಗೆಸ್ಟುಗಳು.

ಅಸಲಿಗೆ ಗೆಸ್ಟುಗಳ ಫೋನ್ ತಂದುಕೊಟ್ಟಿದ್ದು ಗೂಗಲ್ ಮ್ಯಾಪಿನ ಬಿಸಿನೆಸ್ ಪ್ರೊಫೈಲ್. ಅದಕ್ಕೆ ವಿಡಿಯೋ ವೆರಿಫಿಕೇಶನ್ ಕೇಳಿತು. ರಸ್ತೆ, ಬೋರ್ಡು, ಒಳಗಿನ ರೂಮು ಎಲ್ಲಾ ಒಂದೇ ಟೇಕ್‌ನಲ್ಲಿ, ಎಡಿಟ್ ಮಾಡುವಂತಿಲ್ಲ. ಮೂರು ಟೇಕ್ ಆಯಿತು, ಎರಡರಲ್ಲಿ ಆಂಟಿಯ ನಾಯಿ ಬೋರ್ಡಿಗೆ ಅಡ್ಡ ಬಂದಿತ್ತು. ಅಪ್‌ಲೋಡ್ ಮಾಡಿದ್ದೂ ಕಣದ ಮೂಲೆಯಿಂದಲೇ.

ಈಗ ಉಳಿದಿರುವುದು ಆ ನೂರೆಂಬತ್ತು ಡೈರೆಕ್ಟರಿ. ಆ ಲೋನ್, ಕಾರ್ಡ್ ಕಾಲ್‌ಗಳಿಗೆ ನಂಬರ್ ಸಿಕ್ಕಿದ್ದು ಅಲ್ಲಿಂದಲೇ ಇರಬೇಕು. ಆಂಟಿಯ ನಂಬರ್ ತೆಗೆಯಿರಿ ಅಂತ ಎಲ್ಲರಿಗೂ ಬರೆದೆ. ಸುಮಾರು ಮೇಲ್‌ಗಳು ವಾಪಸ್ ಬಂದವು. ಹನ್ನೊಂದು ಜನ ತೆಗೆದರು. ಒಬ್ಬ ಮಾತ್ರ ತೆಗೆಯಲು ದುಡ್ಡು ಕೇಳಿದ. ಮೊನ್ನೆ ಬಾಕಿ ದುಡ್ಡು ತರಲು ಹೋದಾಗ ಕಂಬದ ಫೋನ್ ಮತ್ತೆ ಹೊಡೆದುಕೊಂಡಿತು. ಆಂಟಿ ಒಲೆಯ ಮುಂದಿನಿಂದ ಏಳಲಿಲ್ಲ. ಕೊಡೆಯನ್ನು ನನ್ನ ಕೈಗೆ ಕೊಟ್ಟು, "ಹೋಗು, ನಿಂದೇ ಇರಬೇಕು" ಅಂದರು.