ಹಂಗಾದ್ರ ನಮ್ಮ ಹೊಲದ ಮ್ಯಾಲೆ ಹೋಗ್ತಾನ

ಸೋಮವಾರ ಅಕ್ಕನ ಮಗನ್ನ ಬಿಡೋಕೆ ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟಿಗೆ ಹೋಗಿದ್ದೆ. ಟೈಮ್ ಇನ್ನೂ ಬೇಕಾದಷ್ಟಿತ್ತು, ಊರೊಳಗೆ ಒಂದು ಚಾದಂಗಡಿ ಮುಂದೆ ಗಾಡಿ ನಿಲ್ಲಿಸಿದ್ವಿ. ಬೆಂಚಿನ ಮೇಲೆ ಒಬ್ರು ಅಜ್ಜ ಕೂತಿದ್ರು, ತಲೆಗೆ ರುಮಾಲು, ಕೈಯಾಗ ಅರ್ಧ ಕಪ್ ಚಾ. ನಮ್ಮ ಬ್ಯಾಗ್ ನೋಡಿ ಕೇಳಿದ್ರು, "ತಮ್ಮಾ ಯಾವ ಕಡೆ ಹೊಂಟಾನ್ರಿ?"

"ಬೆಂಗಳೂರಿಗೆ ಅಜ್ಜಾ."

"ವಿಮಾನದಾಗೇನು? ಹಂಗಾದ್ರ ನಮ್ಮ ಹೊಲದ ಮ್ಯಾಲೆ ಹೋಗ್ತಾನ."

ನಮ್ಮ ಹುಡುಗ ಫೋನಿಂದ ತಲೆ ಎತ್ತಿ ನಕ್ಕುಬಿಟ್ಟ. ನಂಗೆ ಅದು ಸರಿ ಬರಲಿಲ್ಲ. ಹುಡುಗ ಒಳ್ಳೆಯವನೇ, ಆದ್ರೆ ಎದುರಿಗಿರೋರು ಹೇಳಿದ್ದು ಕಿವಿಗೆ ಬೀಳೋ ಮೊದಲೇ ನಗೋ ಚಟ ಇದೆ ಅವನಿಗೆ. ಅಜ್ಜ ತಮಾಷೆ ಮಾಡಿರಲಿಲ್ಲ. ಬಸ್ಸು ಮುತಗಾ ಮೇಲೆ ಹಾದು ಹೋಗ್ತದ ಅಂದಂಗೆ ದಾರಿ ಹೇಳಿದ್ರು, ಅಷ್ಟೇ. ನಾಲ್ಕು ದಿನ ಆಯ್ತು, ಆ ಮಾತು ತಲೆಯಿಂದ ಹೋಗ್ತಿಲ್ಲ.

ಸಾಂಬ್ರಾ ಅಂದ್ರೆ ನಮಗೆಲ್ಲ ಏರ್‌ಪೋರ್ಟೇ. ಬೆಳಗಾವಿಯಿಂದ ಬಾಗಲಕೋಟೆ ರಸ್ತೆಗೆ ಹತ್ತು ಕಿಲೋಮೀಟರ್ ಬಂದ್ರೆ ಅಲ್ಲೊಂದು ಊರಿದೆ, ಅಲ್ಲಿ ಭತ್ತ, ಗೆಣಸು, ಜೋಳ ಬೆಳೀತಾರೆ, ಜನ ಇದಾರೆ ಅನ್ನೋದು ನಮ್ಮ ತಲೇಲೇ ಇರಲ್ಲ. ನಾನೇ ಎಷ್ಟು ಸಲ ಆ ಊರು ದಾಟಿ ಹೋಗಿದೀನಿ, ಒಂದಿನ ಇಳಿದಿರಲಿಲ್ಲ.

ಇಲ್ಲಿ ವಿಮಾನದ ಮೈದಾನ ಆಗಿದ್ದು 1942ರಲ್ಲಿ, ಎರಡನೇ ಮಹಾಯುದ್ಧದ ಕಾಲ, ಬ್ರಿಟಿಷರ ವಾಯುಪಡೆ ಮಾಡಿದ್ದು. ಬರ್ಮಾ ಕಡೆ ಜಪಾನಿನವರ ಜೊತೆ ಯುದ್ಧ ನಡೀತಿತ್ತಲ್ಲ, ಅದಕ್ಕೆ ಬೇಕಾಗಿತ್ತು. ಬರ್ಮಾ ಎಲ್ಲಿ, ಸಾಂಬ್ರಾ ಎಲ್ಲಿ. ಜೋಳ ಬಿತ್ತೋ ಮನುಷ್ಯನಿಗೆ ಆ ಯುದ್ಧದ ಸುದ್ದಿ ಮುಟ್ಟೋ ಮೊದಲು ಯುದ್ಧವೇ ಅವನ ಹೊಲದ ಬದುವಿಗೆ ಬಂದು ನಿಂತಿತ್ತು. ಅಜ್ಜನ ಅಪ್ಪ ಅಲ್ಲಿ ಖಡಿ, ಅಂದ್ರೆ ಜಲ್ಲಿಕಲ್ಲು, ಹೊತ್ತಿದ್ರಂತೆ. "ಹೊಲದಾಗ ದುಡಿದ್ರ ಸುಗ್ಗಿಗೆ ಕಾಳು, ಅಲ್ಲಿ ದುಡಿದ್ರ ವಾರಕ್ಕ ರೊಕ್ಕ, ಅದಕ್ಕ ಹೋಗ್ತಿದ್ರು" ಅಂದ್ರು.

ಅಜ್ಜ ತಾವೇ ಕಣ್ಣಾರೆ ಕಂಡಿದ್ದು 1961ರ ಡಿಸೆಂಬರ್. ಆಗ ಅವರಿಗೆ ಎಂಟೋ ಒಂಬತ್ತೋ ವರ್ಷ. ಗೋವಾ ಬಿಡುಗಡೆ ಕಾರ್ಯಾಚರಣೆಯಲ್ಲಿ ಡಿಸೆಂಬರ್ 18ಕ್ಕೆ ಬಾಂಬೋಲಿಮ್ ವೈರ್‌ಲೆಸ್ ಸ್ಟೇಷನ್ ಮೇಲೆ ದಾಳಿ ಮಾಡಿದ ನಮ್ಮ ವಾಯುಪಡೆಯ ಹಂಟರ್ ಯುದ್ಧವಿಮಾನಗಳು ಹಾರಿದ್ದು ಇದೇ ಸಾಂಬ್ರಾದಿಂದ. ಮರುದಿನ ಪೋರ್ಚುಗೀಸರು ಶರಣಾದ್ರು, ನಾನೂರ ಐವತ್ತು ವರ್ಷದ ಆಳ್ವಿಕೆ ಮುಗೀತು. ನಾನು ಇದನ್ನೆಲ್ಲ ಓದಿದ್ದೆ, ಹುರುಪಿನಿಂದ ಹೇಳೋಕೆ ಹೋದೆ. ಅಜ್ಜ ಸುಮ್ನೆ ಕೇಳಿಸ್ಕೊಂಡು, "ಹೌದ್ರಿ, ಅವತ್ತ ನಮ್ಮ ಎಮ್ಮಿ ಹಗ್ಗಾ ಹರ್ಕೊಂಡು ಓಡಿ ಹೋತು, ಮೂರು ದಿನಾ ಸಿಗಲಿಲ್ಲ, ಅವ್ವ ಅಳಕೋತ ಕೂತಿದ್ಲು" ಅಂದ್ರು. ನಾನು ಓದಿದ್ದರಲ್ಲಿ ಎಲ್ಲೂ ಈ ಎಮ್ಮೆ ಇಲ್ಲ. ಆದ್ರೆ ಆ ಮನೆಗೆ ಆ ಮೂರು ದಿನದ ದೊಡ್ಡ ಸುದ್ದಿ ಅದೇ, ಹಾಲಿಲ್ಲ ಅಂದ್ರೆ ಹಾಲಿಲ್ಲ.

ಆಮೇಲೆ ಇಲ್ಲಿ ವಾಯುಪಡೆಯ ಏರ್‌ಮೆನ್ ಟ್ರೈನಿಂಗ್ ಸ್ಕೂಲ್ ಆಯ್ತು, ಈಗ ಅಗ್ನಿವೀರರ ತರಬೇತಿನೂ ಅಲ್ಲೇ. ದೇಶದ ಯಾವ್ಯಾವ ಮೂಲೆಯ ಹುಡುಗ್ರು ಇಲ್ಲಿ ಬಂದು ಕವಾಯತು ಕಲಿತು ಹೋಗ್ತಾರೆ, ಅವರ ನೆನಪಲ್ಲೆಲ್ಲ ಈ ಊರಿನ ಹೆಸರಿರುತ್ತೆ. 2017ರಲ್ಲಿ ಹೊಸ ಟರ್ಮಿನಲ್ ಬಂತು. ಅದರ ಹಿಂದೆ ಮುಂದೆ ರನ್‌ವೇ ಉದ್ದ ಮಾಡೋಕೆ ಅಂತ ಜಮೀನೂ ಹೋಯ್ತು. ಅಜ್ಜನದೂ ಒಂದಿಷ್ಟು.

"ರೊಕ್ಕ ಬಂತಲ್ಲ ಅಜ್ಜಾ?" ಅಂದೆ. ಕೇಳಬಾರದಿತ್ತು ಅಂತ ಆಮೇಲೆ ಅನಿಸ್ತು.

"ಬಂತ್ರಿ. ಮನಿ ಕಟ್ಟಿದ್ವಿ, ಮೊಮ್ಮಗಳ ಲಗ್ನ ಮಾಡಿದ್ವಿ, ಮುಗೀತು. ಹೊಲಾ ಹಂಗ ಮುಗಿತಿದ್ದಿಲ್ಲ." ಸಿಟ್ಟಿಲ್ಲ, ಅಳು ಇಲ್ಲ, ಲೆಕ್ಕ ಒಪ್ಪಿಸಿದಂಗೆ ಹೇಳಿದ್ರು. ಅಂಗೈಯಲ್ಲಿ ಕಪ್ ತಿರುಗಿಸ್ತಾ ಇದ್ರು, ಉಗುರಿನ ಸಂದಿಯಲ್ಲಿ ಎರೆಮಣ್ಣು ಕರ್ರಗೆ ಕೂತಿತ್ತು. ಉಳಿದಿರೋ ತುಂಡಲ್ಲಿ ಇನ್ನೂ ಕೆಲಸ ಮಾಡ್ತಾರೆ ಅಂತ ಕೇಳೋದೇ ಬೇಕಾಗಿರಲಿಲ್ಲ.

ಏರ್‌ಪೋರ್ಟ್ ಬೇಡ ಅಂತ ನಾನು ಹೇಳಲ್ಲ. ಅಕ್ಕನ ಮಗ ಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೋಗೋಕಾಗಿದ್ದು ಅದರಿಂದಲೇ. 2023ರ ಡಿಸೆಂಬರಲ್ಲಿ ಇದಕ್ಕೆ ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿಡಬೇಕು ಅಂತ ವಿಧಾನಸಭೆಯಲ್ಲಿ ನಿರ್ಣಯ ಆದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ, ಈ ನೆಲಕ್ಕೆ ಅವಳಿಗಿಂತ ದೊಡ್ಡ ಹೆಸರು ಯಾವುದು. ಆದ್ರೆ ಒಳಗೆ ಎಲ್ಲಾದ್ರೂ ಒಂದು ಗೋಡೆ ಮೇಲೆ, ಈ ಜಾಗ ಯಾವ ಊರಿಂದು, ಇಲ್ಲಿ ಏನು ಬೆಳೀತಿತ್ತು, ಯಾರು ಖಡಿ ಹೊತ್ರು ಅಂತ ನಾಲ್ಕು ಸಾಲು ಬರೀಬೇಕು ಅಂತ ಈಗ ಬಹಳ ಅನಿಸ್ತಿದೆ. ವಿಮಾನ ಹತ್ತೋನು ಓದ್ತಾನೋ ಬಿಡ್ತಾನೋ, ಊರಿನ ಹುಡುಗ್ರಾದ್ರೂ ಓದ್ತಾರೆ. ಯಾಕಂದ್ರೆ ಅಜ್ಜನಿಗೆ ಗೊತ್ತಿರೋದು ಅವರ ಮೊಮ್ಮಕ್ಕಳಿಗೇ ಗೊತ್ತಿಲ್ಲ. ಚಾ ಕೊಟ್ಟ ಹುಡುಗ ಅದೇ ಊರಿನವನು, ಎಮ್ಮೆ ಕತೆನ ನಮ್ಮ ಜೊತೆ ನಿಂತು ಮೊದಲನೇ ಸಲ ಕೇಳ್ತಿದ್ದ.

ಹುಡುಗನ್ನ ಬಿಟ್ಟು ವಾಪಸ್ ಬರುವಾಗ ಮತ್ತೆ ಅಲ್ಲೇ ನಿಲ್ಲಿಸಿದೆ, ಚಾ ಬೇಕಂತಲ್ಲ. ಅಜ್ಜ ಇನ್ನೂ ಇದ್ರು. ಕಾರಿಂದ ಇಳಿದು ಅವರ ಪಕ್ಕ ಕೂತೆ, ಇಬ್ರೂ ಬಹಳ ಮಾತಾಡಲಿಲ್ಲ. ಒಂದಿಷ್ಟು ಹೊತ್ತಿಗೆ ಆ ಕಡೆಯಿಂದ ಸದ್ದು ಬಂತು. ಅಂಗಡಿ ಡಬ್ಬಿಗಳು ಸಣ್ಣಗೆ ನಡುಗಿದ್ವು. ಅಜ್ಜ ಎದ್ದು ರಸ್ತೆ ಬದಿಗೆ ಹೋಗಿ ಹಣೆಗೆ ಕೈ ಅಡ್ಡ ಹಿಡಿದು ನಿಂತ್ರು. ನಾನೂ ಹೋಗಿ ನಿಂತೆ. ವಿಮಾನ ಏರಿತು, ಬಿಸಿಲಲ್ಲಿ ರೆಕ್ಕೆ ಒಂದು ಸಲ ಮಿಂಚಿತು. ಅಜ್ಜ ತುಟಿ ಅಲ್ಲಾಡಿಸ್ತಾ ಏನೋ ಎಣಿಸಿದಂಗೆ ಮಾಡಿ, ಕೈ ಇಳಿಸಿದ್ರು.

"ಹೊಲಾ ದಾಟಿದ ನೋಡ್ರಿ ನಿಮ್ಮ ಅಳಿಯ."